ಪುಕ್ಕಿ ಮಾಡಿದ ಬಾನೆಟ್ಟು

ಕುಕ್ಕರ್ ಕೂಗುವ ಮುಂಚೆಯೇ ಅಡುಗೆಮನೆ ಬಿಟ್ಟು ಹೊರಗೆ ಬಂದು ನಿಲ್ಲುವ ಹೆಂಗಸು ಅವಳು. ಒಲೆ ಆರಿಸಿ, ಆರಿದೆಯೋ ಇಲ್ಲವೋ ಅಂತ ಬಗ್ಗಿ ನೋಡಿ, ಬೀಗ ಹಾಕಿ ಬೀದಿಯ ತುದಿಯವರೆಗೆ ಹೋದವಳು, ಅಲ್ಲಿಂದ ವಾಪಸ್ ಬಂದು ಬೀಗ ತೆಗೆದು ಇನ್ನೊಮ್ಮೆ ನೋಡುತ್ತಿದ್ದಳು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ಚಿಕ್ಕಂದಿನಲ್ಲಿ ತಮ್ಮ ಅವಳನ್ನು ಪುಕ್ಕಲಿ ಅಂತ ಅಣಕಿಸುತ್ತಿದ್ದ. ಅದು ಸವೆದು ಸವೆದು ಪುಕ್ಕಿ ಆಯಿತು. ಮದುವೆಯಾದ ಮೇಲೆ ಗಂಡನೂ ಹಾಗೇ ಕರೆದ. ಐವತ್ತು ದಾಟುವ ಹೊತ್ತಿಗೆ ಹಾಲು ಹಾಕುವವನಿಗೂ ಅವಳ ಬೇರೆ ಹೆಸರು ಮರೆತುಹೋಗಿತ್ತು.

ಹೊಟ್ಟೆಪಾಡಿಗೆ ಅವಳು ಹೊಲಿಗೆ ಹಿಡಿದಿದ್ದಳು. ಶಾಲೆಯ ಸಮವಸ್ತ್ರ, ಚಳಿಗಾಲದ ಕೋಟು, ಹಳೇ ಪ್ಯಾಂಟಿನ ಸೊಂಟ ಬಿಡಿಸಿ ಅಗಲ ಮಾಡುವುದು. ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಜೀವಮಾನವೆಲ್ಲ ಪಕ್ಕದ ಸೀಟಿನಲ್ಲಿ ಕೂತು ಕಂಡವರ ತಪ್ಪಿಗೆ ಬ್ರೇಕ್ ಒತ್ತಿ ಒತ್ತಿ, ತನ್ನ ಕೈಯಲ್ಲೇ ಸ್ಟಿಯರಿಂಗ್ ಇದ್ದಾಗಲೂ ನಲವತ್ತು ದಾಟದ ಮನುಷ್ಯ. ಜೋಡಿ ಹೇಳಿ ಮಾಡಿಸಿದ ಹಾಗಿದೆ ಅಂತ ನೆಂಟರಿಷ್ಟರು ನಗುತ್ತಿದ್ದರು.

ಅವಳಿಗೆ ಕಾರಿನ ಹುಚ್ಚು ಹತ್ತಿದ್ದು ತಮ್ಮನಿಂದ. ಗುಜರಿಯವನ ಬಾಯಿಗೆ ಬೀಳುತ್ತಿದ್ದ ಒಂದು ಕೆಂಪು ಕಾರನ್ನು ಅವನು ಎಲ್ಲಿಂದಲೋ ಎಳೆದುಕೊಂಡು ಬಂದ. ಆ ಮಾದರಿಯ ಕಾರು ತಯಾರಾಗುವುದು ನಿಂತು ಯಾವ ಕಾಲವಾಗಿತ್ತೋ. ಎಂಜಿನ್ನು ಗುಂಡುಕಲ್ಲಿನ ಹಾಗಿತ್ತು, ಮೈ ಮಾತ್ರ ಜರಡಿ. ಮುಂದಿನ ಎಡಗಡೆ ಮಡ್‌ಗಾರ್ಡಿಗೆ ಬೆರಳು ಒತ್ತಿದರೆ ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತು. ಊರೆಲ್ಲ ಹುಡುಕಿದರೂ ಬದಲಿ ಭಾಗ ಸಿಗಲಿಲ್ಲ.

"ಅಕ್ಕಾ, ನೀನು ಎಂಥೆಂಥಾ ಹೊಟ್ಟೆಗೆ ಕೋಟು ಹೊಲಿದುಕೊಟ್ಟಿದ್ದೀಯ. ನನ್ನ ಕಾರಿಗೂ ಒಂದು ತೋಳು ಕೂರಿಸಿಕೊಡು" ಅಂದ ತಮ್ಮ.

ಅವನು ಹೇಳಿದ್ದು ತಮಾಷೆಗೆ. ಅವಳು ಮಾತ್ರ ಮಡ್‌ಗಾರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಚಕ್ರದ ಮೇಲೆ ಏರಿ ಬಾಗಿಲ ಕಡೆಗೆ ಇಳಿಯುವ ಆ ಬಾಗು, ಕೋಟಿನ ಹೆಗಲಿಗೆ ತೋಳು ಕೂಡಿಸುವಾಗ ಬರುವ ಬಾಗೇ ಆಗಿತ್ತು. ಮಾರನೆಯ ದಿನ ಕಾಗದ, ಕತ್ತರಿ, ಅಳತೆ ಪಟ್ಟಿ ಹಿಡಿದು ಬಂದಳು.

ಮನೆ ಹಿಂದೆ ತಗಡಿನ ಮಾಡಿನ ಒಂದು ಕೊಟ್ಟಿಗೆ ಇತ್ತು. ಮೇಷ್ಟ್ರ ಹಳೇ ಟೈರು, ಬಣ್ಣ ಹೋದ 'ಎಲ್' ಬೋರ್ಡುಗಳೆಲ್ಲ ಅಲ್ಲಿ ಬಿದ್ದಿದ್ದವು. ಅದನ್ನು ಖಾಲಿ ಮಾಡಿಸಿದಳು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕೆಲಸ ಕಲಿತಳು. ಹಳೇ ಮಡ್‌ಗಾರ್ಡಿನ ತೂತುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಅದರಿಂದ ಅಚ್ಚು ತೆಗೆಯುವುದು. ಅಚ್ಚಿಗೆ ಮೇಣ ಸವರುವುದು. ಆಮೇಲೆ ಗಾಜಿನ ನಾರಿನ ಬಟ್ಟೆಯನ್ನು ತುಂಡು ತುಂಡಾಗಿ ಕತ್ತರಿಸಿ, ರೆಸಿನ್ ಎಂಬ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಕೂರಿಸುವುದು. ರೆಸಿನ್ನಿಗೆ ಹಾರ್ಡನರ್ ಅನ್ನುವ ಇನ್ನೊಂದು ದ್ರವ ಬೆರೆಸಿದರೆ ಎಲ್ಲ ಸೇರಿ ಕಲ್ಲಾಗುತ್ತದೆ. ಮೊದಲನೆಯ ಮಡ್‌ಗಾರ್ಡ್ ಒಣಗಿದ ಬಾಳೆ ಎಲೆಯ ಹಾಗೆ ಸೊಟ್ಟಗಾಯಿತು. ಎರಡನೆಯದು ಅಚ್ಚು ಬಿಟ್ಟು ಬರಲೇ ಇಲ್ಲ. ಮೂರನೆಯದು ಕಾರಿಗೆ ಎಷ್ಟು ಚೆನ್ನಾಗಿ ಕೂತಿತು ಅಂದರೆ, ತಮ್ಮ ಅದನ್ನು ಸವರಿ ಸವರಿ ನೋಡಿ ಅಕ್ಕನ ಕಾಲು ಹಿಡಿಯುವ ನಾಟಕ ಮಾಡಿದ.

ವಿಚಿತ್ರವೆಂದರೆ ಆ ಕೊಟ್ಟಿಗೆಯೊಳಗೆ ಅವಳಿಗೆ ಹೆದರಿಕೆ ಇರಲಿಲ್ಲ. "ಹಲ್ಲಿ ಕಂಡರೆ ಕುರ್ಚಿ ಹತ್ತೋಳು, ಗರಗರ ಅನ್ನೋ ಗ್ರೈಂಡರ್ ಹಿಡಿದು ಹೆಂಗಮ್ಮಾ ಕೂರ್ತೀಯ?" ಅಂತ ಮೇಷ್ಟ್ರು ಕೇಳುತ್ತಿದ್ದ. ಅವಳಿಗೂ ಗೊತ್ತಿರಲಿಲ್ಲ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಹಾಕಿಕೊಂಡು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕನ್ನಡಕದ ಅಂಗಡಿಯವನು ತನ್ನ ಹಳೇ ಕಾರಿಗೆ ಡಿಕ್ಕಿಯ ಮುಚ್ಚಳ ಮಾಡಿಸಿಕೊಂಡ. ಫೋಟೋ ಸ್ಟುಡಿಯೋದವನು ಬಂಪರ್ ಮಾಡಿಸಿಕೊಂಡ. ಅವಳಿಗೆ ಖುಷಿಯೋ ಖುಷಿ.

ಹೀಗಿರುವಾಗ ತಮ್ಮನ ಕಾರಿನ ಬಾನೆಟ್ಟಿಗೂ ತುಕ್ಕು ಹಿಡಿಯಿತು.

ಬಾನೆಟ್ ದೊಡ್ಡ ಕೆಲಸ. ಅದೂ ಸುಡುಬಿಸಿಲಿನ ತಿಂಗಳು, ತಗಡಿನ ಮಾಡು ಬೇರೆ. ಒಂದು ಮಧ್ಯಾಹ್ನ ದೊಡ್ಡ ಮಗ್ಗಿನ ತುಂಬ ರೆಸಿನ್ ಕಲಸಿಟ್ಟು, ನಾರಿನ ಬಟ್ಟೆ ತರಲು ಆ ಕಡೆ ತಿರುಗಿದಳು. ಬೆನ್ನ ಹಿಂದೆ ಬುಸ್ ಅಂತ ಸದ್ದಾಯಿತು. ನೋಡಿದರೆ ಮಗ್ಗಿನಿಂದ ಬಿಳೀ ಹೊಗೆ ಏಳುತ್ತಿದೆ. ಪ್ಲಾಸ್ಟಿಕ್ ಮಗ್ಗು ಅವಳ ಕಣ್ಣೆದುರೇ ಸೊಟ್ಟಗಾಗಿ ಕುಸಿಯಿತು, ಒಳಗಿದ್ದದ್ದು ಪಟಪಟ ಅಂತ ಸಿಡಿಯಿತು. ಗ್ಲೌಸು ಹಾಕಿದ ಕೈಯಲ್ಲೇ ಅವಳು ಬೀದಿಗೆ ಓಡಿದಳು. ಮೇಷ್ಟ್ರು ಮರಳು ಸುರಿದು ತಣ್ಣಗೆ ಮಾಡಿದ. ಹಾರ್ಡನರ್ ಬೆರೆತ ರೆಸಿನ್ ಗಟ್ಟಿಯಾಗುವಾಗ ತಾನಾಗಿ ಕಾಯುತ್ತದೆ; ಸೆಖೆ ಜಾಸ್ತಿ ಇದ್ದಾಗ ಅಷ್ಟು ದೊಡ್ಡ ಪ್ರಮಾಣ ಒಟ್ಟಿಗೆ ಕಲಸಿದ್ದೇ ತಪ್ಪು, ಅಷ್ಟೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಹೊರಗಿನ ಹೆದರಿಕೆ ಕೊಟ್ಟಿಗೆಯೊಳಗೂ ಕಾಲಿಟ್ಟಿತು. ಹಾರ್ಡನರ್ ಬಾಟಲಿ ಎತ್ತಿದರೆ ಕೈ ನಡುಗುತ್ತಿತ್ತು.

ಉಳಿದಿದ್ದದ್ದು ಬಾನೆಟ್ಟಿನ ಮುಂದಿನ ಅಂಚು. ಬಾನೆಟ್ಟನ್ನು ಕೆಳಗೆ ಹಿಡಿದಿಡುವ ಕೊಂಡಿ, ಅದು ಬಿಟ್ಟರೂ ಹಿಡಿಯಲಿ ಅಂತ ಇರುವ ಇನ್ನೊಂದು ಕೊಕ್ಕೆ, ಎರಡನ್ನೂ ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದು, ಆ ಪಟ್ಟಿಯನ್ನು ಪದರಗಳ ಮಧ್ಯೆ ಹೂತು ಕೂರಿಸಬೇಕಿತ್ತು. ಅವಳು ಕಾಗದದ ಲೋಟಕ್ಕೆ ರೆಸಿನ್ ಸುರಿದಳು. ಹಾರ್ಡನರ್ ಹಾಕುವಾಗ ಮತ್ತೆ ಎಲ್ಲಿ ಹೊಗೆ ಏಳುತ್ತದೋ ಅಂತ ಅರ್ಧಕ್ಕೇ ಕೈ ಹಿಂದೆಗೆದಳು. ನಿಧಾನವಾಗಿ ಗಟ್ಟಿಯಾಗಲಿ ಬಿಡು, ಅವಸರ ಏನಿದೆ ಅಂದುಕೊಂಡಳು. ಮಾರನೆಯ ದಿನ ಧೈರ್ಯ ತಂದುಕೊಂಡು, ಸರಿಯಾದ ಅಳತೆಯಲ್ಲೇ ಕಲಸಿ ಅದರ ಮೇಲೊಂದು ಪದರ ಎಳೆದಳು. ಮೇಲಿನ ಪದರ ಗಟ್ಟಿಯಾಯಿತು. ಕೆಂಪು ಬಣ್ಣವೂ ಬಿತ್ತು. ಕಾರಿಗೆ ಕೂರಿಸಿ ತಮ್ಮ ಧಡ್ ಅಂತ ಮುಚ್ಚಿದ. "ಕಂಪನಿಯವರು ನೋಡಿದ್ರೆ ನಿನ್ನನ್ನ ಎತ್ತಾಕ್ಕೊಂಡು ಹೋಗ್ತಾರೆ ಕಣೇ" ಅಂದ.

ಒಂದು ಭಾನುವಾರ ಬೆಳಿಗ್ಗೆ ತಮ್ಮ, ಅವನ ಹೆಂಡತಿ, ಮತ್ತೆ ಅವರ ಜೊತೆಯಲ್ಲೇ ಇದ್ದ ಅಮ್ಮ, ಮೂವರೂ ಆ ಕಾರಿನಲ್ಲಿ ಹೊರಟರು. ಬೆಟ್ಟದಾಚೆಯ ಊರಿನಲ್ಲಿ ದೊಡ್ಡಮ್ಮನಿಗೆ ಹುಷಾರಿರಲಿಲ್ಲ, ಅಮ್ಮನಿಗೆ ತನ್ನ ಅಕ್ಕನನ್ನು ನೋಡುವ ಆಸೆ. ದಾರಿಯಲ್ಲಿ ಪುಕ್ಕಿಯ ಮನೆ ಮುಂದೆ ನಿಲ್ಲಿಸಿ ಹೋದರು. ಅಮ್ಮ ಹಿಂದಿನ ಸೀಟಿನಿಂದ ಕೈ ಬೀಸಿದಳು. ಕಾರು ತಿರುವು ದಾಟುವವರೆಗೆ ಪುಕ್ಕಿ ಗೇಟಿನಲ್ಲೇ ನಿಂತಿದ್ದಳು.

ಆಮೇಲೆ ಕೊಟ್ಟಿಗೆ ಗುಡಿಸೋಣ ಅಂತ ಹೋದಳು. ಬೆಂಚಿನ ಕೆಳಗೆ ಹಳೇ ಕಾಗದದ ಲೋಟಗಳು ಬಿದ್ದಿದ್ದವು. ರೆಸಿನ್ ಕಲಸಿದ ಲೋಟದ ತಳದಲ್ಲಿ ಉಳಿದದ್ದು ಯಾವಾಗಲೂ ಕಲ್ಲಾಗಿರುತ್ತದೆ, ಕಾಗದ ಹರಿದರೆ ಬಿಲ್ಲೆಯ ಹಾಗೆ ಟಕ್ ಅಂತ ನೆಲಕ್ಕೆ ಬೀಳುತ್ತದೆ. ಒಂದೊಂದೇ ಎತ್ತಿ ಚೀಲಕ್ಕೆ ಹಾಕುತ್ತಿದ್ದವಳ ಬೆರಳು ಒಂದು ಲೋಟದಲ್ಲಿ ಮೆತ್ತಗೆ ಒಳಗೆ ಹೋಯಿತು.

ಅವಳು ಅದನ್ನು ಬೆಳಕಿಗೆ ಹಿಡಿದಳು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಎಳೆದರೆ ರಬ್ಬರಿನ ಹಾಗೆ ಎಳೆದುಕೊಂಡು ಬಂತು. ಅಂಚಿಗೆ ಕಬ್ಬಿಣದ ಪುಡಿ ಅಂಟಿತ್ತು, ಪಟ್ಟಿಗೆ ತೂತು ಕೊರೆದಾಗ ಉದುರಿದ್ದು. ಯಾವತ್ತಿನ ಲೋಟ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಬಾನೆಟ್ಟಿನೊಳಗೆ ಆ ಪಟ್ಟಿಯನ್ನು ಹಿಡಿದಿರುವುದು ಇದೇ ಅಂಟು. ಕೆಳಗೆ ಎಂಜಿನ್ನಿನ ಬಿಸಿ, ಮೇಲೆ ಬಿಸಿಲು, ಎದುರಿಗೆ ಗಾಳಿ. ಪಟ್ಟಿ ಕಿತ್ತು ಬಂದರೆ ಕೊಂಡಿಯೂ ಹೋಯಿತು, ಕೊಕ್ಕೆಯೂ ಹೋಯಿತು. ಓಡುವ ಕಾರಿನ ಬಾನೆಟ್ ಮೇಲೆದ್ದು ಗಾಜಿಗೆ ಅಪ್ಪಳಿಸುತ್ತದೆ, ಓಡಿಸುವವನಿಗೆ ರಸ್ತೆ ಕಾಣುವುದಿಲ್ಲ. ಅದೂ ಬೆಟ್ಟದ ತಿರುವಿನಲ್ಲಿ.

ಅವಳು ತಮ್ಮನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಗಾಡಿ ಓಡಿಸುವಾಗ ಫೋನ್ ಮುಟ್ಟಿದರೆ ಕೈ ಮುರೀತೀನಿ ಅಂತ ಅವನಿಗೆ ಡ್ರೈವಿಂಗ್ ಕಲಿಸಿದ್ದೇ ಮೇಷ್ಟ್ರು, ಅವನು ಆ ಒಂದು ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ತಮ್ಮನ ಹೆಂಡತಿಯ ನಂಬರ್ ಒತ್ತಿದರೆ, ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಒಂದು ಹೆಣ್ಣುದನಿ ಸಮಾಧಾನವಾಗಿ ಹೇಳಿತು.

"ರೀ!" ಅವಳ ಕೂಗು ಕೇಳಿ ಮೇಷ್ಟ್ರು ಮುಖದ ಅರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಓಡಿಬಂದ. ಅವಳು ಲೋಟವನ್ನು ಮುಂದೆ ಹಿಡಿದಳು. ತೊದಲುತ್ತ ಹೇಳಿ ಮುಗಿಸುವಷ್ಟರಲ್ಲಿ ಅವನು ಕೀಲಿಕೈ ಎತ್ತಿಕೊಂಡಿದ್ದ.

ಮನೆಯಲ್ಲಿದ್ದದ್ದು ಡ್ರೈವಿಂಗ್ ಸ್ಕೂಲಿನ ಕಾರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುವಂಥದ್ದು. ಮೇಷ್ಟ್ರು ಅವತ್ತು ಬದುಕಿನಲ್ಲಿ ಮೊದಲ ಸಲ ಎಂಬತ್ತು ಮುಟ್ಟಿದ. "ಬೇಗ ಓಡ್ಸಿ, ಇನ್ನೂ ಬೇಗ" ಅಂತ ಅವಳು ಬಾಯಲ್ಲಿ ಹೇಳುತ್ತಿದ್ದಳು, ಪ್ರತಿ ತಿರುವಿಗೂ ಕಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಕಾರು ಮುಗ್ಗರಿಸುತ್ತಿತ್ತು.

"ಕಾಲು ತೆಗಿ!"

"ತೆಗ್ದೆ ತೆಗ್ದೆ."

ಇನ್ನೊಂದು ತಿರುವು, ಇನ್ನೊಂದು ಮುಗ್ಗರಿಕೆ. "ಲೇ ಪುಕ್ಕಿ, ಹಿಂದಿನವನು ಬಂದು ಗುದ್ದಿದ್ರೆ ನಾವೇ ಮೊದಲು ಹೋಗ್ತೀವಿ!" ಕೊನೆಗೆ ಅವಳು ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಳು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಒಂದು ಕೈಯಲ್ಲಿ ಫೋನು, ಕಿವಿಯಲ್ಲಿ ಅದೇ ಹೆಣ್ಣುದನಿ. ಎದುರಿನಿಂದ ಕೆಂಪಗಿನದ್ದು ಏನು ಬಂದರೂ ಎದೆ ಧಸಕ್ಕೆನ್ನುತ್ತಿತ್ತು. ಕೆಂಪು ಲಾರಿ. ಕೆಂಪು ಛತ್ರಿ. ಕೆಂಪು ನೀರಿನ ಡ್ರಮ್ಮು ಹೊತ್ತ ಸೈಕಲ್ಲು.

ರಸ್ತೆ ಬೆಟ್ಟ ಹತ್ತಿತು. ಮೇಲೇರಿ ಆಚೆ ಬದಿಗೆ ಇಳಿಯತೊಡಗಿದ ಮೇಲೆ ಅವಳಿಗೆ ರಸ್ತೆಯಲ್ಲಿ ಒಂದು ಚೂರು ಕಂಡಿತು. "ನಿಲ್ಸಿ" ಅಂದಳು. ದನಿ ಹೊರಗೆ ಬರಲಿಲ್ಲ. ಕಾಲು ಕೆಳಗಿಳಿಸಿ ತಾನೇ ಬ್ರೇಕ್ ಒತ್ತಿದಳು.

ಅಂಗೈಯಗಲದ ಚೂರು. ಒಂದು ಕಡೆ ಕೆಂಪು, ಇನ್ನೊಂದು ಕಡೆ ತಾನು ಹಾಸಿದ ನಾರಿನ ಎಳೆಗಳು. ತನ್ನ ಹೊಲಿಗೆ ತನಗೆ ಗೊತ್ತಾಗುವ ಹಾಗೆ ಅವಳಿಗೆ ಗೊತ್ತಾಯಿತು. ಸ್ವಲ್ಪ ಮುಂದೆ ಇನ್ನೊಂದು ಚೂರು. ಅದರಾಚೆ ಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಪುಡಿ. ತಿರುವಿನ ಅಂಚುಗಲ್ಲಿಗೆ ಒರಗಿಕೊಂಡು ಬಾನೆಟ್ಟು ಬಿದ್ದಿತ್ತು, ಬೋರಲಾಗಿ. ಪಟ್ಟಿ ಇದ್ದ ಜಾಗದಲ್ಲಿ ಬಾಯಿ ತೆರೆದ ಹಾಗೆ ಒಂದು ಗುಳಿ. ಕಾರು ಎಲ್ಲೂ ಇರಲಿಲ್ಲ. ಅಂಚುಗಲ್ಲಿನಾಚೆ ಬರೀ ಇಳಿಜಾರು, ಪೊದೆ, ಕೆಳಗೆ ಎಲ್ಲೋ ನೀರಿನ ಸದ್ದು.

ಅವಳು ಅಂಚಿಗೆ ಹೋಗಲಿಲ್ಲ. ಹೋಗಲು ಆಗಲಿಲ್ಲ. ರಸ್ತೆಯ ನಡುವೆ ಕುಸಿದು ಕೂತು ಕಣ್ಣು ಮುಚ್ಚಿಕೊಂಡಳು. "ನೀವೇ ನೋಡಿ" ಅಂದಳು. "ನೋಡಿ ನಂಗೆ ಹೇಳ್ಬೇಡಿ."

ಮೇಷ್ಟ್ರು ಕಲ್ಲು ಹಿಡಿದು ಬಗ್ಗಿದ. "ಇಲ್ಲಿ ಏನೂ ಇಲ್ಲ ಕಣೇ" ಅಂತ ಅವನು ಕೂಗಿದ.

ಅಷ್ಟರಲ್ಲಿ ಕೆಳಗಿನ ತಿರುವಿನಿಂದ, ಅಂಚುಗಲ್ಲುಗಳಿಗೆ ಸುಣ್ಣ ಹೊಡೆಯುತ್ತಿದ್ದ ಒಬ್ಬ ಆಳು ಬ್ರಷ್ ಹಿಡಿದುಕೊಂಡೇ ಮೇಲೆ ಬಂದ. "ಕೆಂಪು ಕಾರಿನೋರಾ? ಮುಚ್ಚಳ ಎದ್ದು ಗಾಜಿಗೆ ಬಡೀತು ನೋಡಿ, ನಾನೇ ನೋಡಿದೆ. ಓಡಿಸ್ತಿದ್ದೋನು ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಕೆಳಗಿನ ತಿರುವಿನ ತನಕ ಹೆಂಗೋ ತಂದು ಬೆಟ್ಟದ ಗೋಡೆಗೆ ಉಜ್ಜಿ ನಿಲ್ಲಿಸ್ದ. ಈ ಕಡೆ ತಿರುಗಿಸಿದ್ದಿದ್ರೆ ಕಥೆ ಮುಗೀತಿತ್ತು."

"ಜನ?" ಅಂದಳು ಪುಕ್ಕಿ. ಕಣ್ಣು ಇನ್ನೂ ತೆರೆದಿರಲಿಲ್ಲ.

"ಅಜ್ಜಿಗೆ ಪೆಟ್ಟಾಗಿತ್ತು. ಲಾರಿಯೋನು ಮೂರು ಜನಾನೂ ಹತ್ತಿಸ್ಕೊಂಡು ಕೆಳಗಿನ ಆಸ್ಪತ್ರೆಗೆ ಹೋದ."

"ಮಾತಾಡ್ತಿದ್ರಾ ಅಜ್ಜಿ?"

ಅವನು ಯೋಚಿಸಿದ. "ಹೊತ್ಕೊಂಡು ಹೋದ್ರು. ಕಣ್ಣು ಮುಚ್ಚಿತ್ತು" ಅಂದ.

ಕೆಳಗಿನ ತಿರುವಿನಲ್ಲಿ ಕಾರು ಬಂಡೆಗೆ ಮೈ ಒರಗಿಸಿ ನಿಂತಿತ್ತು. ಗಾಜಿಲ್ಲ, ಎಂಜಿನ್ನು ಬತ್ತಲೆ. ಹಿಂದಿನ ಸೀಟಿನಲ್ಲಿ ಅಮ್ಮನ ಒಂದು ಚಪ್ಪಲಿ, ಅದರ ಪಕ್ಕ ಒದ್ದೆಯಾದ ಕಲೆ. ಪುಕ್ಕಿ ಆ ಚಪ್ಪಲಿ ಎತ್ತಿಕೊಂಡಳು. ಆಸ್ಪತ್ರೆ ಮುಟ್ಟುವವರೆಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ನನ್ನ ಹೆದರಿಕೆಯಿಂದಲೇ ಆಯ್ತು, ನನ್ನ ಹೆದರಿಕೆಯಿಂದಲೇ ಆಯ್ತು ಅಂತ ಒಂದೇ ಸಮನೆ ಅಂದುಕೊಳ್ಳುತ್ತಿದ್ದಳು.

ಅದು ಚಿಕ್ಕ ಆಸ್ಪತ್ರೆ. ಉದ್ದನೆಯ ಓಣಿ, ಗೋಡೆಗೆ ಅಂಟಿಸಿದ ಬೆಂಚು. ಬೆಂಚಿನಲ್ಲಿ ತಮ್ಮ ಕೂತಿದ್ದ, ಹುಬ್ಬಿನ ಮೇಲೆ ಪಟ್ಟಿ, ಅಂಗಿಯ ಮೇಲೆ ರಕ್ತ. ಅಕ್ಕನನ್ನು ನೋಡಿ ಎದ್ದ.

"ಅಮ್ಮ?" ಅಂದಳು ಅವಳು.

"ಒಳಗಿದಾಳೆ. ಮಣಿಕಟ್ಟು ಮುರಿದಿದೆ. ತಲೆಗೆ ಹೊಲಿಗೆ ಹಾಕ್ತಿದಾರೆ. ಎಚ್ಚರ ಇದೆ."

ಅವಳು ಗೋಡೆ ಹಿಡಿದು ನಿಂತಳು. ಆಮೇಲೆ, ಯಾರೂ ಕೇಳದಿದ್ದರೂ, ಎಲ್ಲವನ್ನೂ ಹೇಳಿದಳು. ಮಗ್ಗು, ಹೊಗೆ, ಅರ್ಧ ಹಾಕಿದ ಹಾರ್ಡನರ್, ಮೆತ್ತಗಿದ್ದ ಲೋಟ. ತಮ್ಮ ತಲೆ ತಗ್ಗಿಸಿ ಕೇಳಿದ. ಅವನ ಹೆಂಡತಿ ಮಾತ್ರ ಬೆಂಕಿಯಾದಳು.

"ಗೊತ್ತಿದ್ದೂ ಕೊಟ್ರಾ ಅತ್ತಿಗೆ?"

"ಗೊತ್ತಿರ್ಲಿಲ್ಲ. ಗಟ್ಟಿಯಾಗಿದೆ ಅಂದ್ಕೊಂಡೆ."

"ಒಲೆ ಆರಿದ್ಯಾ ಅಂತ ಹತ್ತು ಸಲ ನೋಡ್ತೀರಿ. ಇದನ್ನ ಒಂದ್ಸಲ ನೋಡೋಕೆ ಆಗ್ಲಿಲ್ವಾ? ಮೂರು ಜೀವ ಇತ್ತು ಅದರೊಳಗೆ!"

ಓಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಮ್ಮನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ ಅವಳ ಮುಖ ಒಂದು ಹಿಡಿಯಷ್ಟಾಗಿತ್ತು. ಮಗಳ ಕೈಯಲ್ಲಿದ್ದ ಚಪ್ಪಲಿ ನೋಡಿ, "ಸದ್ಯ, ಸಿಕ್ತಲ್ಲ" ಅಂದಳು. ಆಮೇಲೆ, "ನಾನು ನಿದ್ದೆ ಮಾಡ್ತಿದ್ದೆ ಕಣೇ. ಎದ್ದು ನೋಡಿದ್ರೆ ಇವರಿಬ್ರೂ ಕಿರುಚ್ತಿದ್ರು. ಏನೋ ಇರಬೇಕು ಅಂತ ನಾನೂ ಕಿರುಚಿದೆ" ಅಂದಳು. ತಮ್ಮನಿಗೆ ನಗು ಬಂತು. ಪುಕ್ಕಿ ಅಮ್ಮನ ಮೊಣಕಾಲಿಗೆ ಮುಖ ಒತ್ತಿ ಅತ್ತಳು.

ಅಮ್ಮನ ಮಣಿಕಟ್ಟು ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಅಲ್ಲಿಯವರೆಗೆ ಅವಳು ಮಗಳ ಮನೆಯಲ್ಲೇ ಇದ್ದಳು. ತಮ್ಮನ ಹೆಂಡತಿ ಆ ಮನೆಯ ಕಡೆ ತಲೆ ಹಾಕಲಿಲ್ಲ. ಕೊಟ್ಟಿಗೆಗೆ ಬೀಗ ಬಿತ್ತು.

ಆದರೆ ಪುಕ್ಕಿಗೆ ನಿದ್ದೆ ಹತ್ತುತ್ತಿರಲಿಲ್ಲ. ತಾನು ಮಾಡಿಕೊಟ್ಟ ಇನ್ನೆರಡು ಭಾಗಗಳು ಊರಿನ ರಸ್ತೆಗಳಲ್ಲಿ ಓಡಾಡುತ್ತಿದ್ದವು. ಅವು ಮಗ್ಗು ಹೊಗೆಯೆದ್ದದ್ದಕ್ಕಿಂತ ಹಿಂದಿನವು, ಕೈ ನಡುಗದ ಕಾಲದವು. ಆದರೂ ಅವಳಿಗೆ ನಂಬಿಕೆ ಹೋಗಿತ್ತು. ಒಂದು ಬೆಳಿಗ್ಗೆ ಎದ್ದು ಕನ್ನಡಕದ ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ ಹೇಳಿದಳು: "ನಾನು ಮಾಡಿದ ಒಂದು ಬಾನೆಟ್ ಕಿತ್ತು ಬಂತು. ನಿಮ್ಮದನ್ನೂ ನೋಡಬೇಕು." ಅವನು ಗಾಬರಿಯಾಗಿ ಕಾರಿನ ಹತ್ತಿರ ಕರೆದುಕೊಂಡು ಹೋದ. ಅವಳು ನಾಣ್ಯದಿಂದ ಮುಚ್ಚಳದ ಉದ್ದಗಲ ಬಡಿದು ಕೇಳಿದಳು. ಎಲ್ಲ ಕಡೆ ಟಣ್ ಟಣ್ ಅಂತ ಒಂದೇ ದನಿ, ಎಲ್ಲೂ ಮೆತ್ತಗಿನ ಸದ್ದಿಲ್ಲ. ಕೀಲಿನ ಜಾಗಕ್ಕೆ ಉಗುರು ಒತ್ತಿದಳು. ಕಲ್ಲು. ಸ್ಟುಡಿಯೋದವನು ಮಾತ್ರ ಮಾತು ಕೇಳಿದ ತಕ್ಷಣ ಬಂಪರ್ ಬಿಚ್ಚಿ ಅವಳ ಕಾಲ ಬುಡಕ್ಕೆ ಹಾಕಿದ. "ಬೇಡ ತಾಯಿ, ನಂಗೆ ಮಕ್ಕಳಿದಾರೆ." ಅವಳು ಅದನ್ನು ತಲೆ ಮೇಲೆ ಹೊತ್ತುಕೊಂಡು ಮನೆಗೆ ತಂದಳು. ಬಡಿದು ನೋಡಿದರೆ ಅದೂ ಗಟ್ಟಿಯೇ.

ಮುಂದಿನ ಚಳಿಗಾಲದಲ್ಲಿ ತಮ್ಮ ಬಂದ. ಕಾರಿಗೆ ಗಾಜು ಹಾಕಿಸಿದ್ದ, ಮೈ ನೆಟ್ಟಗೆ ಮಾಡಿಸಿದ್ದ. ಬದಲಿ ಬಾನೆಟ್ಟು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಕೇಳಲೋ ಬೇಡವೋ ಅಂತ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ನನ್ನ ಕೈಲಾಗಲ್ಲ" ಅಂದಳು ಪುಕ್ಕಿ, ಅವನು ಕೇಳುವ ಮೊದಲೇ.

"ನಿನಗೆ ಭಯ ಅಂತ ಗೊತ್ತು ಅಕ್ಕಾ. ನನಗೂ ಇದೆ. ಇಬ್ಬರೂ ಹೆದರ್ಕೊಂಡೇ ಮಾಡೋಣ."

ಅವಳು ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಒಂದು ದಿನ ಬೀಗ ತೆಗೆದು, ಮೇಷ್ಟ್ರು ಬೆಟ್ಟದಿಂದ ತಂದು ಮೂಲೆಗೆ ಹಾಕಿದ್ದ ಮುರಿದ ಬಾನೆಟ್ಟನ್ನು ಗರಗಸದಿಂದ ಸೀಳಿ ಒಳಗೆ ನೋಡಿದಳು. ತಪ್ಪು ಆ ಒಂದು ಪದರದಲ್ಲಿ ಮಾತ್ರ ಇತ್ತು, ಉಳಿದದ್ದೆಲ್ಲ ಭದ್ರವಾಗಿತ್ತು. ಅದನ್ನು ನೋಡಿದ ಮೇಲೆಯೇ ಹೊಸ ನಾರು ಕತ್ತರಿಸಿದ್ದು. ಈ ಸಲ ರೆಸಿನ್ನನ್ನು ಪುಟ್ಟ ಪುಟ್ಟ ಲೋಟಗಳಲ್ಲಿ ಕಲಸಿದಳು. ಕೊಂಡಿಗೊಂದು ಪಟ್ಟಿ, ಕೊಕ್ಕೆಗೆ ಬೇರೆಯೇ ಪಟ್ಟಿ, ಎರಡಕ್ಕೂ ಆಚೆಯಿಂದ ಈಚೆಗೆ ತೂರಿದ ಬೋಲ್ಟು. ನೋಡಲು ಚೆಂದವಿಲ್ಲ, ಇಸ್ತ್ರಿ ಮಾಡಿದ ಕೋಟಿಗೆ ಹೊರಗಿಂದ ದಪ್ಪ ಹೊಲಿಗೆ ಹಾಕಿದ ಹಾಗಿತ್ತು. ಹಾರ್ಡನರ್ ಅಳೆಯುವಾಗ ಕೈ ನಡುಗುತ್ತಲೇ ಇತ್ತು, ಆದ್ದರಿಂದ ಮೇಷ್ಟ್ರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಳತೆಯನ್ನು ಅವನ ಬಾಯಲ್ಲೂ ಹೇಳಿಸಿದಳು. ಒಂದು ಪದರದ ಲೋಟ ಕಲ್ಲಾಗುವವರೆಗೆ ಇನ್ನೊಂದು ಪದರ ಮುಟ್ಟಲಿಲ್ಲ.

ಬಾನೆಟ್ಟು ಕೂರಿಸಿದ ದಿನ, ಬೇರೆ ಯಾರನ್ನೂ ಕಾರಿಗೆ ಹತ್ತಲು ಬಿಡದೆ ತಾನೇ ತಮ್ಮನ ಪಕ್ಕ ಕೂತಳು. ಊರಾಚೆಯ ನೇರ ರಸ್ತೆಯಲ್ಲಿ ಅವನು ವೇಗ ಹೆಚ್ಚಿಸುತ್ತ ಹೋದ. ಗಾಳಿ ಬಾನೆಟ್ಟಿನ ಅಂಚಿಗೆ ಬಡಿದು ಶಿಳ್ಳೆ ಹೊಡೆಯಿತು. ಅವಳ ಕಣ್ಣು ಆ ಕೆಂಪು ಅಂಚನ್ನು ಬಿಟ್ಟು ಕದಲಲಿಲ್ಲ. ಅದು ಅಲುಗಲಿಲ್ಲ. ವಾಪಸ್ ಬಂದು ಇಳಿದು ಜಗಲಿಯ ಮೇಲೆ ಕೂತುಬಿಟ್ಟಳು.

"ಸಾಕಾ?" ಅಂದ ತಮ್ಮ.

"ಇನ್ನೊಂದ್ಸಲ ಹೋಗ್ಬರೋಣ" ಅಂದಳು.

ತಮ್ಮನ ಹೆಂಡತಿ ಇವತ್ತಿಗೂ ಆ ಕಾರು ಹತ್ತುವುದಿಲ್ಲ. ಗಂಡ ಅಮ್ಮನನ್ನು ಕೂರಿಸಿಕೊಂಡು ಕಾರಿನಲ್ಲಿ ಬಂದರೆ, ಅವಳು ಆಮೇಲಿನ ಬಸ್ಸಿಗೆ ಬಂದು ಇಳಿಯುತ್ತಾಳೆ. ಮೊದಮೊದಲು ಗೇಟಿನಾಚೆಯೇ ನಿಲ್ಲುತ್ತಿದ್ದಳು, ಈಗ ಒಳಗೆ ಬಂದು ಕೂತು ಮಾತಾಡುತ್ತಾಳೆ. ಪುಕ್ಕಿ ಅವಳನ್ನು ಕಾರು ಹತ್ತು ಅಂತ ಯಾವತ್ತೂ ಒತ್ತಾಯ ಮಾಡಿಲ್ಲ. ಬಸ್ಸಿನ ಹೊತ್ತಾದರೆ ತಾನೇ ಚಪ್ಪಲಿ ಮೆಟ್ಟಿಕೊಂಡು ನಿಲ್ದಾಣದವರೆಗೆ ಜೊತೆಗೆ ಹೋಗಿ, ಬಾಗಿಲ ಪಕ್ಕದ ಸೀಟು ಹಿಡಿದುಕೊಡುತ್ತಾಳೆ.